ದೇವನಗೊಂದಿಯ ಪೆಟ್ರೋಲು, ಶಿವಗಂಗೆಯ ನೀರು

ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯಲ್ಲಿ ತೈಲ ಕಂಪನಿಗಳ ದೊಡ್ಡ ದೊಡ್ಡ ಟ್ಯಾಂಕುಗಳಿವೆ. ಮಂಗಳೂರಿನ ರಿಫೈನರಿಯಲ್ಲಿ ತಯಾರಾದ ಪೆಟ್ರೋಲು, ಡೀಸೆಲ್ಲು ಪಶ್ಚಿಮ ಘಟ್ಟ ಹತ್ತಿ, ಹಾಸನ ದಾಟಿ, ಸುಮಾರು 360 ಕಿ.ಮೀ. ಉದ್ದದ ಕೊಳವೆಯಲ್ಲಿ ನೆಲದಡಿಯಲ್ಲೇ ಹರಿದು ಇಲ್ಲಿಗೆ ಬರುತ್ತವೆ. 2003ರಿಂದ ನಡೆದಿರುವ ವ್ಯವಸ್ಥೆ ಇದು. ಇಲ್ಲಿಂದ ಟ್ಯಾಂಕರುಗಳು ಬೆಂಗಳೂರಿನ ಬಂಕುಗಳಿಗೆ ಹೊರಡುತ್ತವೆ. ಆ ಭಾಗದ ರೈತರೊಬ್ಬರ ತೋಟದಲ್ಲಿ ಬೋರ್‌ವೆಲ್‌ಗೆ ಜಾಗ ನೋಡುತ್ತಿದ್ದಾಗ ಅವರ ಮಗ, ಪಿಯುಸಿ ಓದುವ ಹುಡುಗ, ನನ್ನನ್ನು ಕೇಳಿದ: "ಮೇಡಂ, ಅಷ್ಟು ದೂರದಿಂದ ಪೈಪ್ ಹಾಕ್ಕೊಂಡು ತರ್ತಾರಲ್ಲ, ನಮ್ಮ ಜಮೀನಲ್ಲೇ ಇನ್ನೂ ಆಳಕ್ಕೆ ಕೊರೆದ್ರೆ ಸಿಗಲ್ವಾ?"

ಭೂವಿಜ್ಞಾನ ಓದಿ, ದೊಡ್ಡಬಳ್ಳಾಪುರದಲ್ಲಿ ಮನೆ ಮಾಡಿಕೊಂಡು, ಸುತ್ತಲಿನ ನಾಲ್ಕು ತಾಲ್ಲೂಕುಗಳಲ್ಲಿ ಬೋರ್‌ವೆಲ್ ಪಾಯಿಂಟ್ ಗುರುತಿಸುವ ಕೆಲಸ ನನ್ನದು. ಕಲ್ಲಿದ್ದಲು ಯಾಕಿಲ್ಲ, ಸಾವಿರ ಅಡಿ ಹೋದರೂ ನೀರು ಯಾಕಿಲ್ಲ ಎಂದು ಜನ ಕೇಳುತ್ತಲೇ ಇರುತ್ತಾರೆ. ಒಂದೊಂದಾಗಿ ಕೇಳುವ ಈ ಪ್ರಶ್ನೆಗಳಿಗೆಲ್ಲ ಉತ್ತರ ಒಂದೇ ಬಂಡೆಯಲ್ಲಿದೆ. ಆ ಬಂಡೆಯ ವಿಷಯವನ್ನು ಊರಿನವರಿಗೆ ಯಾರೂ ಕೂತು ಹೇಳಿಲ್ಲ ಎನ್ನುವುದು ನನ್ನ ಬಹುಕಾಲದ ಸಂಕಟ.

ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಕಲ್ಲಿದ್ದಲು ಎಂದರೆ ಹೂತುಹೋದ ಕಾಡು. ಜೌಗಿನಲ್ಲಿ ಬಿದ್ದ ಮರಗಿಡಗಳು ಕೊಳೆಯುವ ಮೊದಲೇ ಕೆಸರಿನಡಿ ಮುಚ್ಚಿಹೋಗಿ, ಮೇಲಿನ ಭಾರಕ್ಕೂ ಒಳಗಿನ ಕಾವಿಗೂ ಸಿಕ್ಕಿ, ಕೋಟ್ಯಂತರ ವರ್ಷಗಳಲ್ಲಿ ಇದ್ದಲಾಗುತ್ತವೆ. ಪೆಟ್ರೋಲಿಯಂ ಬಹುಮಟ್ಟಿಗೆ ಸಮುದ್ರದ ಸೂಕ್ಷ್ಮಜೀವಿಗಳಿಂದ ಬಂದದ್ದು. ಅವು ಸತ್ತು ತಳದ ಹೂಳಿನಲ್ಲಿ ಸೇರಿ ಬೆಂದು ಎಣ್ಣೆಯಾದವು. ಎರಡಕ್ಕೂ ಬೇಕಾದದ್ದು ಜೀವರಾಶಿ ಮತ್ತು ಪದರಪದರವಾಗಿ ಕೂತ ಹೂಳು. ನೆಲದ ಮೇಲೆ ಸಸ್ಯಗಳು ಕಾಣಿಸಿಕೊಂಡದ್ದೇ ಸುಮಾರು 47 ಕೋಟಿ ವರ್ಷಗಳ ಹಿಂದೆ. ನಮ್ಮ ದೇಶದ ಮುಖ್ಯ ಕಲ್ಲಿದ್ದಲು, ತೆಲಂಗಾಣದ ಸಿಂಗರೇಣಿಯದ್ದೂ ಸೇರಿ, 25ರಿಂದ 30 ಕೋಟಿ ವರ್ಷ ಹಳೆಯದು. ದೇವನಗೊಂದಿಯ ಆ ತೋಟದ ಕೆಳಗಿರುವ ಬಂಡೆಗೆ 250 ಕೋಟಿಗಿಂತ ಹೆಚ್ಚು ವರ್ಷ. ಅದು ಹುಟ್ಟಿದಾಗ ಭೂಮಿಯ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಹುಟ್ಟಿದ್ದಾದರೂ ಹೂಳಿನಿಂದಲ್ಲ, ನೆಲದೊಳಗೆ ಬಹಳ ಆಳದಲ್ಲಿ, ಕರಗುವಷ್ಟು ಕಾವಿನಲ್ಲಿ. ಅಲ್ಲಿ ಎಣ್ಣೆ ಉಳಿಯುವ ಮಾತೇ ಇಲ್ಲ. ಹತ್ತು ಸಾವಿರ ಅಡಿ ಕೊರೆದರೂ ಅದೇ ಜಾತಿಯ ಕಲ್ಲು ಸಿಗುತ್ತದೆ.

ಕರ್ನಾಟಕದ ಬಹುಭಾಗದ ಕತೆ ಇದೇ. ಕಲಾದಗಿ, ಭೀಮಾ ತೀರದ ಸುಣ್ಣಕಲ್ಲಿನ ಪದರಗಳು ಹೂಳಿನಿಂದಲೇ ಆದವು ನಿಜ, ಆದರೆ ಅವೂ ಗಿಡಮರಗಳಿಗಿಂತ ಹಿಂದಿನವು. ಈ ಇಲ್ಲದಿರುವಿಕೆ ನಮ್ಮ ಚರಿತ್ರೆಯನ್ನೇ ತಿದ್ದಿದೆ. ಕೋಲಾರದ ಚಿನ್ನದ ಗಣಿಗಳ ಯಂತ್ರ ನಡೆಸಲು ಹತ್ತಿರದಲ್ಲೆಲ್ಲೂ ಕಲ್ಲಿದ್ದಲಿರಲಿಲ್ಲ. ಹಾಗಾಗಿಯೇ 1902ರಲ್ಲಿ ಶಿವನಸಮುದ್ರದ ನೀರಿನಿಂದ ವಿದ್ಯುತ್ ತೆಗೆದು ಸುಮಾರು 147 ಕಿ.ಮೀ. ತಂತಿ ಎಳೆದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆ ವಿದ್ಯುತ್ತಿನ ಪಾಲು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಕುಲುಮೆಗೆ ಮಲೆನಾಡಿನ ಕಾಡು ಸುಟ್ಟ ಇದ್ದಲು ಹಾಕಿದ್ದೂ ಅದೇ ಕಾರಣಕ್ಕೆ. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರ ಕೆಲಸ ಆರಂಭಿಸಿದಾಗಲೂ ಕಲ್ಲಿದ್ದಲು ಹೊರರಾಜ್ಯದಿಂದ ರೈಲಿನಲ್ಲಿ ಬಂತು, ಇಂದಿಗೂ ಬರುತ್ತಿದೆ. ಮಳೆ ಕೈಕೊಟ್ಟ ವರ್ಷ ಲೋಡ್‌ಶೆಡ್ಡಿಂಗ್ ಎಂದು ನಾವು ಪರದಾಡುವುದರ ಹಿಂದೆ ಈ ಹಳೆಯ ಬಂಡೆಯ ಕೈವಾಡವೂ ಇದೆ.

ಹಾಗಾದರೆ ಇಲ್ಲಿ ಇರುವುದೇನು?

ಘಾಟಿ ಸುಬ್ರಹ್ಮಣ್ಯದ ಕಡೆ ಹೋಗುವಾಗ ರಸ್ತೆಬದಿಯಲ್ಲಿ ಬರಿಮೈಯ ಹಾಸುಬಂಡೆಗಳು ಸಿಗುತ್ತವೆ. ಸುಗ್ಗಿಯಲ್ಲಿ ರಾಗಿ ಒಣಗಿಸುವ ಬಂಡೆಗಳು. ಬೆಳಗಿನ ಓರೆ ಬಿಸಿಲಿನಲ್ಲಿ ಅದರ ಮೇಲೆ ಕೂತು ನೋಡಿ. ಬಿಳುಪು ಪಟ್ಟಿ, ಅದರ ಪಕ್ಕ ಕಪ್ಪು ಪಟ್ಟಿ, ಮತ್ತೆ ಬಿಳುಪು; ಎರಡು ಬಣ್ಣದ ಹಿಟ್ಟನ್ನು ಸೇರಿಸಿ ನಾದಿದಾಗ ಕಾಣುವ ಹಾಗೆ ಈ ಪಟ್ಟಿಗಳು ಬಳುಕಿ, ಮಡಿಸಿಕೊಂಡು, ಮತ್ತೆ ನೆಟ್ಟಗಾಗುತ್ತವೆ. ನಾನು ಕುತ್ತಿಗೆಗೆ ತೂಗುಹಾಕಿಕೊಳ್ಳುವ ಚಿಕ್ಕ ಭೂತಗನ್ನಡಿ ಹಿಡಿದರೆ ಬಿಳಿ ಪಟ್ಟಿಯಲ್ಲಿ ಎರಡು ಖನಿಜ ಬೇರೆಯಾಗಿ ಕಾಣುತ್ತವೆ. ಗಾಜಿನಂತೆ ಮಿನುಗಿ ಅಂಕುಡೊಂಕಾಗಿ ಒಡೆದಿರುವುದು ಬೆಣಚು. ಹಾಲುಬಿಳುಪಿನದ್ದು, ಕೆಲವೆಡೆ ತಿಳಿಗುಲಾಬಿ, ನುಣುಪು ಮುಖದ್ದು ಫೆಲ್ಡ್‌ಸ್ಪಾರ್. ಕಪ್ಪು ಪಟ್ಟಿಯಲ್ಲಿ ಉಗುರಿನಿಂದ ಎಬ್ಬಿಸಿದರೆ ಹೊಪ್ಪಳಿಕೆಯಾಗಿ ಏಳುವುದು ಕಪ್ಪು ಅಭ್ರಕ, ಹಳ್ಳಿಯ ಮಕ್ಕಳ ಕಾಗೆಬಂಗಾರ. ಈ ಕಲ್ಲಿನ ಹೆಸರು ನೈಸ್. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಸ್ಥಾಪನೆಯಾಯಿತು. ಅದನ್ನು ಮುಂದೆ ನಡೆಸಿದ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಈ ಕಲ್ಲನ್ನು 'ಪೆನಿನ್ಸುಲಾರ್ ನೈಸ್' ಎಂದು ಕರೆದರು. ದಕ್ಷಿಣ ಭಾರತದ ಪರ್ಯಾಯ ದ್ವೀಪದ ಅಡಿಪಾಯವೇ ಇದು. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಇದೇ ಜಾತಿಯದ್ದು. ಅಲ್ಲಿನ ಫಲಕ ಓದಿದವರಿಗೆ ಗೊತ್ತಿರುತ್ತದೆ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ವಯಸ್ಸು ಸುಮಾರು 300 ಕೋಟಿ ವರ್ಷ. ದೊಡ್ಡಬಳ್ಳಾಪುರದ ರಾಗಿ ಒಣಗಿಸುವ ಬಂಡೆಗೆ ಫಲಕವಿಲ್ಲ ಅಷ್ಟೆ, ಕುಲ ಒಂದೇ.

ಇಷ್ಟು ವರ್ಷ ಎಂದು ಹೇಗೆ ಹೇಳುತ್ತೀರಿ ಎಂದು ಕೇಳುವವರಿದ್ದಾರೆ, ಕೇಳಲೇಬೇಕಾದ ಪ್ರಶ್ನೆ. ಬಂಡೆಯೊಳಗೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜಿರ್ಕಾನ್ ಎಂಬ ಹರಳುಗಳಿರುತ್ತವೆ. ಜಿರ್ಕಾನ್ ಹೆಪ್ಪುಗಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುತೇಕ ಹೊರಗಿಡುತ್ತದೆ. ಆಮೇಲೆ ಆ ಯುರೇನಿಯಂ ತನ್ನಷ್ಟಕ್ಕೆ ಕ್ಷಯಿಸಿ ಸೀಸವಾಗುತ್ತಾ ಹೋಗುತ್ತದೆ. ಯುರೇನಿಯಂ-238 ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಬೇಕು; ಕಾವು, ಒತ್ತಡ ಯಾವುದಕ್ಕೂ ಆ ಲೆಕ್ಕ ಬದಲಾಗದು. ಹಾಗಾಗಿ ಇಂದು ಹರಳಿನಲ್ಲಿ ಎಷ್ಟು ಯುರೇನಿಯಂ ಉಳಿದಿದೆ, ಎಷ್ಟು ಸೀಸ ಸೇರಿದೆ ಎಂದು ಅಳೆದರೆ ಅದು ಹುಟ್ಟಿದ ಕಾಲ ಸಿಗುತ್ತದೆ.

ನೈಸ್ ಒಂದೇ ಅಲ್ಲ. ರಾಮನಗರ, ಸಾವನದುರ್ಗ, ನೆಲಮಂಗಲ ತಾಲ್ಲೂಕಿನ ಶಿವಗಂಗೆ, ಹಾಗೆಯೇ ಉತ್ತರಕ್ಕೆ ತುಮಕೂರು, ಪಾವಗಡದ ಕಡೆ ಸಾಗುವ ಬೆಟ್ಟಗಳ ಸಾಲು ಬೇರೆ ಕಲ್ಲಿನದು. ಸುಮಾರು 252 ಕೋಟಿ ವರ್ಷದ ಹಿಂದೆ ನೈಸನ್ನು ಸೀಳಿಕೊಂಡು ಒಳನುಗ್ಗಿದ ಶಿಲಾಪಾಕ ಅಲ್ಲೇ ತಣಿದು ಗ್ರಾನೈಟ್ ಆಯಿತು. ಸುಮಾರು 400 ಕಿ.ಮೀ. ಉದ್ದದ ಈ ಪಟ್ಟಿಯನ್ನು ರಾಮನಗರದ ಅಂದಿನ ಹೆಸರಿನ ಮೇಲೆ 'ಕ್ಲೋಸ್‌ಪೇಟೆ ಗ್ರಾನೈಟ್' ಎಂದು ಕರೆದರು. ಪ್ರಪಂಚದ ಭೂವಿಜ್ಞಾನಿಗಳು ಇದನ್ನು ನೋಡಲೆಂದೇ ಬರುತ್ತಾರೆ. ಆಮೇಲೆ, ಸುಮಾರು 237 ಕೋಟಿ ವರ್ಷದ ಹಿಂದೆ, ಈ ಎರಡನ್ನೂ ಕತ್ತರಿಸಿಕೊಂಡು ಮತ್ತೊಂದು ಸಲ ಶಿಲಾಪಾಕ ಮೇಲೆದ್ದಿತು. ಈ ಬಾರಿ ಅದು ಕಪ್ಪು, ಭಾರ, ಕಬ್ಬಿಣ ಹೆಚ್ಚಿರುವಂಥದ್ದು. ನೆಟ್ಟನೆಯ ಬಿರುಕುಗಳಲ್ಲಿ ತುಂಬಿ ಗೋಡೆಯಾಗಿ ನಿಂತಿತು. ಹೊಲದ ನಡುವೆ ಪೂರ್ವ–ಪಶ್ಚಿಮವಾಗಿ, ಮೈಲುಗಟ್ಟಲೆ, ದುಂಡು ದುಂಡನೆಯ ಕಪ್ಪು ಗುಂಡುಗಳ ಸಾಲು ಕಂಡರೆ ಅದೇ ಆ ಗೋಡೆಯ ತಲೆ. ರೈತರು ಅದನ್ನು ಕರಿಕಲ್ಲಿನ ಸಾಲು ಎನ್ನುತ್ತಾರೆ. ನಾವು ಡೈಕ್ ಎನ್ನುತ್ತೇವೆ. ಒಡೆದರೆ ಹೊರಗೆ ಕಿತ್ತಳೆ ಬಣ್ಣದ ತೊಗಟೆ, ಒಳಗೆ ಅಚ್ಚ ಕಪ್ಪು. ನೀರಿನ ಮಾತು ಬಂದಾಗ ಈ ಸಾಲನ್ನು ಮತ್ತೆ ನೆನೆಯಬೇಕು.

ಇಷ್ಟು ಗಟ್ಟಿಯಾಗಿ, ಇಷ್ಟು ಹಳೆಯದಾಗಿ ಕೂತ ನೆಲ ಬಲು ಸದ್ದಿಲ್ಲದ ನೆಲವೂ ಹೌದು. ದೊಡ್ಡಬಳ್ಳಾಪುರದ ಆಚೆ ಗೌರಿಬಿದನೂರಿನಲ್ಲಿ 1965ರಲ್ಲಿ ಭೂಕಂಪ ಆಲಿಸುವ ಉಪಕರಣಗಳ ಜಾಲ ಹಾಕಿದ್ದು ಅದಕ್ಕೇ. ದೂರದ ದೇಶದಲ್ಲಿ ನೆಲದಡಿ ನಡೆಯುವ ಅಣುಸ್ಫೋಟದ ಅದುರು ಕೂಡ ಈ ಬಂಡೆಯಲ್ಲಿ ಕೇಳುತ್ತದೆ.

ಕಲ್ಲನ್ನು ಬಳಸಿ ಬದುಕುವುದು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ದೇವನಹಳ್ಳಿ ಕಡೆಯ ದ್ರಾಕ್ಷಿ ಚಪ್ಪರ ನಿಂತಿರುವುದು ಕಲ್ಲುಕಂಬದ ಮೇಲೆ. ಹಳೆ ಮನೆಗಳ ಸೂರು ಕಲ್ಲುಚಪ್ಪಡಿ, ಹಿತ್ತಲ ಬೇಲಿಯೂ ನಿಲ್ಲಿಸಿದ ಚಪ್ಪಡಿ. ಈ ಚಪ್ಪಡಿಗಳನ್ನು ಯಂತ್ರವಿಲ್ಲದ ಕಾಲದಲ್ಲಿ ಹೇಗೆ ಎಬ್ಬಿಸುತ್ತಿದ್ದರು ಎಂಬುದನ್ನು ಎಚ್. ವಾರ್ತ್ ಎಂಬ ಭೂವಿಜ್ಞಾನಿ ಬೆಂಗಳೂರಿನ ಕ್ವಾರಿಯಲ್ಲಿ ನಿಂತು ನೋಡಿ, 1895ರಲ್ಲಿ ಇಂಗ್ಲೆಂಡಿನ 'ನೇಚರ್' ಪತ್ರಿಕೆಗೆ ಬರೆದಿದ್ದಾರೆ. ಅದನ್ನು ಓದಿದ ದಿನ ನನಗೆ ಹೆಮ್ಮೆಯಿಂದ ಮೈ ಜುಮ್ಮೆಂದಿತ್ತು.

ಹಾಸುಬಂಡೆಯ ಮೇಲೆ ಒಣಸೌದೆಯನ್ನು ಏಳೆಂಟು ಅಡಿ ಉದ್ದಕ್ಕೆ ಒಂದೇ ಗೆರೆಯಲ್ಲಿ ಜೋಡಿಸಿ ಬೆಂಕಿ ಹಚ್ಚುತ್ತಿದ್ದರು. ಒಬ್ಬ ಕೆಲಸಗಾರ ಬೆಂಕಿಯ ಮುಂದಿನ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಿದ್ದ. ಸದ್ದು ಬದಲಾಯಿತೆಂದರೆ ಕೆಳಗೆ ಕಲ್ಲು ಬಿಟ್ಟುಕೊಂಡಿದೆ ಎಂದರ್ಥ. ಆಗ ಉರಿಯುವ ಕೊಳ್ಳಿಗಳನ್ನು ಕೆಲವೇ ಅಂಗುಲ ಮುಂದಕ್ಕೆ ತಳ್ಳುವುದು, ಮತ್ತೆ ತಟ್ಟುವುದು, ಮತ್ತೆ ತಳ್ಳುವುದು. ಹೀಗೆ ಬೆಂಕಿಯ ಗೆರೆ ಬಾಗುತ್ತಾ ಹಿಗ್ಗುತ್ತಾ ಸುಮಾರು 25 ಅಡಿಯಾಗುತ್ತಿತ್ತು. ವಾರ್ತ್ ನೋಡಿದ ದಿನ ಎಂಟು ಗಂಟೆಯಲ್ಲಿ 740 ಚದರಡಿಯ, ಸರಾಸರಿ ಐದಂಗುಲ ದಪ್ಪದ ಒಂದೇ ಹಾಳೆ ಬಂಡೆಯಿಂದ ಬಿಡಿಸಿಕೊಂಡಿತು. ಒಂದು ಪೌಂಡ್ ಸೌದೆಗೆ ಮೂವತ್ತು ಪೌಂಡ್ ಕಲ್ಲು ಎಂದು ಅವರು ಲೆಕ್ಕ ಹಾಕಿದ್ದಾರೆ. ಕಾದ ಮೇಲ್ಪದರ ಹಿಗ್ಗುತ್ತದೆ, ತಣ್ಣಗಿರುವ ಕೆಳಪದರ ಹಿಗ್ಗುವುದಿಲ್ಲ, ಇವೆರಡರ ನಡುವೆ ಬಿರುಕು ಓಡುತ್ತದೆ. ಒಂದು ಕಾಲಕ್ಕೆ ಹಲವು ಕಿಲೋಮೀಟರ್ ಆಳದಲ್ಲಿದ್ದ ಬಂಡೆ, ಮೇಲಿನ ಭಾರ ಸವೆದುಹೋದ ಮೇಲೆ ಮೈಗೆ ಸಮಾನಾಂತರವಾಗಿ ಹಾಳೆಹಾಳೆಯಾಗಿ ಬಿಡಲು ಕಾದಿರುತ್ತದೆ ಎಂಬುದು ಇನ್ನೊಂದು ಕಾರಣ. ಈ ಎರಡನ್ನೂ ಓದುಬರಹ ಕಲಿಯದ ಕಲ್ಲುಕುಟಿಗರು ಸುತ್ತಿಗೆಯ ಸದ್ದಿನಲ್ಲೇ ತಿಳಿದಿದ್ದರು. ಭೂವಿಜ್ಞಾನ ನಮ್ಮಲ್ಲಿ 1894ರಲ್ಲಿ ಸರ್ಕಾರಿ ಕಚೇರಿಯಲ್ಲಿ ಹುಟ್ಟಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಅದೇ ಕೈಗಳ ಮುಂದುವರಿಕೆ ವಿಧಾನಸೌಧ. 1951ರಲ್ಲಿ ಅಡಿಗಲ್ಲು ಬಿದ್ದು 1956ರಲ್ಲಿ ಮುಗಿದ ಆ ಕಟ್ಟಡಕ್ಕೆ ಹೆಸರಘಟ್ಟ, ಮಲ್ಲಸಂದ್ರದ ಸುತ್ತಲಿನ ಬೂದುಗಲ್ಲು ಹೋಯಿತು. ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಕರಿಕಲ್ಲು. ದೇವನಹಳ್ಳಿ ತಾಲ್ಲೂಕಿನ ಕೊಯಿರ ಬೆಟ್ಟದ ಕಲ್ಲಿಗೆ ಶಿಲ್ಪಿಗಳ ನಡುವೆ ಈಗಲೂ ಬೇರೆಯೇ ಮರ್ಯಾದೆ. ಕಾಳು ಸಣ್ಣದು, ಬಣ್ಣ ಒಂದೇ ಸಮ. ಉಳಿ ಇಟ್ಟರೆ ಹೇಳಿದ ಕಡೆ ಬಿಡುತ್ತದೆ ಎನ್ನುತ್ತಾರೆ.

ಇಂದು ಬಂಡೆಗೆ ಬಂದಿರುವ ಬೇಡಿಕೆ ಆ ತರದ್ದಲ್ಲ. ಬೆಂಗಳೂರು ಬೆಳೆಯುತ್ತಿರುವ ವೇಗಕ್ಕೆ ಜಲ್ಲಿ ಬೇಕು, ನದಿಮರಳಿನ ಬದಲಿಗೆ ಎಂ-ಸ್ಯಾಂಡ್ ಬೇಕು. ನೈಸೋ, ಗ್ರಾನೈಟೋ, ಹಳೆಯದೋ, ಅಪರೂಪದ್ದೋ, ಕ್ರಷರಿನ ಬಾಯಿಗೆ ಎಲ್ಲ ಒಂದೇ. ಮನೆ ಕಟ್ಟಬಾರದೆಂದು ನಾನು ಹೇಳುವುದಿಲ್ಲ. ನನ್ನ ಮನೆಯೂ ಜಲ್ಲಿಯಿಂದಲೇ ಎದ್ದದ್ದು. ಆದರೆ ಬೆಣಚಿನ ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ಸಿಲಿಕೋಸಿಸ್‌ಗೆ ಗುಣವಾಗುವ ಮದ್ದಿಲ್ಲ. ಕ್ರಷರಿನಲ್ಲಿ ನೀರು ಸಿಂಪಡಿಸುವುದು, ಜಲ್ಲಿ ಸಾಗಿಸುವ ಪಟ್ಟಿಗೆ ಮುಚ್ಚಳ ಹಾಕುವುದು, ಕೆಲಸಗಾರರಿಗೆ ಸರಿಯಾದ ಮುಖಗವಸು ಕೊಡುವುದು ಇವೆಲ್ಲ ಉಪಕಾರವಲ್ಲ, ಹಕ್ಕು. ಕಲ್ಲು ತೆಗೆದು ಬಿಟ್ಟುಹೋದ ಗುಂಡಿಗಳು ಮಳೆಗಾಲದಲ್ಲಿ ತುಂಬಿ, ಈಜಲು ಹೋದ ಮಕ್ಕಳನ್ನು ನುಂಗುತ್ತಿವೆ. ಬೇಲಿ ಹಾಕಿಸಲು ಯಾವ ಹೊಸ ಸಂಶೋಧನೆಯೂ ಬೇಕಿಲ್ಲ.

ಇನ್ನು ನೀರು. ಈ ಜಿಲ್ಲೆಯ ನಿಜವಾದ ಭೂಗರ್ಭ ಸಂಪತ್ತು ಇದೊಂದೇ ಎಂದು ನಾನು ನಂಬಿದ್ದೇನೆ.

ಶಿವಗಂಗೆ ಹತ್ತಿದವರು ಒಳಕಲ್ಲು ತೀರ್ಥಕ್ಕೆ ಕೈ ಹಾಕಿಯೇ ಇರುತ್ತಾರೆ. ಬಂಡೆಯ ಗುಹೆಯೊಳಗೆ ಒರಳಿನಂಥ ಕುಳಿ; ತೋಳು ಇಳಿಬಿಟ್ಟು ತಡಕಿದರೆ ಪುಣ್ಯವಂತರ ಬೆರಳಿಗೆ ನೀರು ತಾಗುತ್ತದೆ ಎಂಬ ನಂಬಿಕೆ. ಬರಿ ಬಂಡೆಯ ಬೆಟ್ಟದ ಮೇಲೆ, ನದಿಯಿಲ್ಲ ಕೆರೆಯಿಲ್ಲ, ನೀರು ಎಲ್ಲಿಂದ? ಗ್ರಾನೈಟಿನ ಸೀಳುಗಳಿಂದ. ಮೇಲೆ ಬಿದ್ದ ಮಳೆ ಸೀಳುಗಳಲ್ಲಿ ಇಳಿದು, ಮುಂದೆ ದಾರಿ ಕಾಣದ ಕಡೆ ನಿಲ್ಲುತ್ತದೆ. ನನ್ನ ಕೆಲಸವನ್ನು ಯಾರಿಗಾದರೂ ವಿವರಿಸಬೇಕಾದರೆ ಶಿವಗಂಗೆಗೆ ಕರೆದುಕೊಂಡು ಹೋಗುತ್ತೇನೆ. ನಮ್ಮ ಹೊಲಗಳ ಕೆಳಗೆ ಇರುವುದೂ ಇಂಥವೇ ಸೀಳುಗಳು, ಇಷ್ಟೇ ನೀರು. ಪಾತಾಳದಲ್ಲಿ ನದಿ ಹರಿಯುತ್ತಿದೆ ಎಂಬ ಮಾತು ನಮ್ಮ ರೈತರನ್ನು ಸಾಲಕ್ಕೆ ತಳ್ಳಿದಷ್ಟು ಇನ್ಯಾವ ಮಾತೂ ತಳ್ಳಿಲ್ಲ.

ಬೋರು ಕೊರೆಯುವಾಗ ಹೊರಬರುವ ಪುಡಿಯನ್ನು ನೋಡುತ್ತಾ ನಿಂತರೆ ಇದೆಲ್ಲ ಅರ್ಥವಾಗುತ್ತದೆ. ತಮಿಳುನಾಡಿನ ತಿರುಚೆಂಗೋಡಿನ ರಿಗ್ ಬಂದು ನಿಲ್ಲುತ್ತದೆ, ಪೂಜೆಯಾಗುತ್ತದೆ, ಕಂಪ್ರೆಸರ್ ಹೂಂಕರಿಸುತ್ತದೆ. ಮೊದಲು ಕೆಮ್ಮಣ್ಣು. ಆಮೇಲೆ ಹಳದಿ ಮಿಶ್ರಿತ ಬಿಳಿ ಪುಡಿ, ಕೈಯಲ್ಲಿ ಹಿಡಿದರೆ ಮೆತ್ತಗೆ, ನಡುನಡುವೆ ಹೊಳೆಯುವ ಅಭ್ರಕದ ಚೂರು. ಇದು ಸುದ್ದೆ, ಅಂದರೆ ಕೊಳೆತ ನೈಸ್. ಫೆಲ್ಡ್‌ಸ್ಪಾರ್ ಜೇಡಿಯಾಗಿದೆ, ಬೆಣಚು ಹಾಗೇ ಉಳಿದಿದೆ. ಹಿಂದೆ ನಮ್ಮ ತೆರೆದ ಬಾವಿಗಳು ನೀರು ಕುಡಿದದ್ದು ಈ ಪದರದಿಂದ. ಮಳೆನೀರನ್ನು ಹಿಡಿದಿಟ್ಟುಕೊಳ್ಳುವ ಜಾಗ ಇದೇ. ಅಲ್ಲಿಂದ ಕೆಳಗೆ ಗಟ್ಟಿಕಲ್ಲು. ಕೇಸಿಂಗ್ ಪೈಪು ಅಲ್ಲಿಗೆ ನಿಲ್ಲುತ್ತದೆ. ಬೂದು ಪುಡಿ ಬಿಸಿಯಾಗಿ, ಒಣಗಿ ಹಾರುತ್ತದೆ. ರಾಡ್ ಮೇಲೆ ರಾಡ್ ಇಳಿಯುತ್ತದೆ. ಒಮ್ಮೆಲೇ ಸುತ್ತಿಗೆಯ ಸದ್ದು ತಪ್ಪುತ್ತದೆ, ರಾಡು ಒಂದೆರಡು ಅಂಗುಲ ದಡಕ್ಕನೆ ಇಳಿಯುತ್ತದೆ, ರಿಗ್‌ನವನು "ಗ್ಯಾಪು" ಎಂದು ಕೂಗುತ್ತಾನೆ. ಪುಡಿ ಒದ್ದೆಯಾಗುತ್ತದೆ, ಬಣ್ಣ ಕಂದಾಗುತ್ತದೆ; ಕಬ್ಬಿಣದ ತುಕ್ಕು ಹಿಡಿದ ಚೂರುಗಳು ಬರುತ್ತವೆ, ನೀರು ಓಡಾಡಿದ ಗುರುತು ಅವು. ಆ ಗ್ಯಾಪಿಗಾಗಿಯೇ ಲಕ್ಷಗಟ್ಟಲೆ ಖರ್ಚು.

ಆಳ ಹೋದಂತೆ ಗ್ಯಾಪು ಕಡಿಮೆಯಾಗುತ್ತದೆ. ಮೇಲಿನ ಬಂಡೆಯ ಭಾರ ಸೀಳುಗಳನ್ನು ಅದುಮಿ ಮುಚ್ಚುತ್ತದೆ. ಒಳ್ಳೆಯ ಗ್ಯಾಪುಗಳು ಬಹುತೇಕ ಮೊದಲ ಮುನ್ನೂರು ಅಡಿಯೊಳಗೆ ಇರುತ್ತವೆ. ಸಾವಿರದ ಇನ್ನೂರು, ಸಾವಿರದ ಐನೂರು ಅಡಿಗೆ ಹೋಗುವುದು ಮೇಲಿನ ಸೀಳುಗಳು ಬರಿದಾದ್ದರಿಂದ. ಕೆಳಗೆ ಹೆಚ್ಚು ನೀರಿದೆ ಎಂದಲ್ಲ. ಅಲ್ಲಿ ಸಿಕ್ಕಿದರೂ ಒಂದಿಂಚು, ಎರಡಿಂಚು ಬಂದು ಕೆಲವು ತಿಂಗಳಲ್ಲಿ ನಿಲ್ಲುವುದುಂಟು, ಯಾಕೆಂದರೆ ಆ ಸೀಳಿಗೆ ಹೊಸ ನೀರು ತಲುಪಲು ದಾರಿ ತೀರಾ ಕಿರಿದು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. ಕೊಳೆತ ನೈಸ್–ಗ್ರಾನೈಟ್ ನೆಲದಲ್ಲಿ ಆ ಮಳೆಯ ನೂರರಲ್ಲಿ 8ರಿಂದ 11 ಪಾಲು ಮಾತ್ರ ಅಂತರ್ಜಲವಾಗುತ್ತದೆ ಎಂಬುದು ಸರ್ಕಾರದ ಅಂದಾಜಿನ ಮಾನದಂಡ. ಬರಿ ಬಂಡೆಯಾದರೆ ಒಂದು ಪಾಲು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ನಾಲ್ಕೂ ತಾಲ್ಲೂಕುಗಳನ್ನು ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕ 'ಅತಿಬಳಕೆ' ಪಟ್ಟಿಗೆ ಸೇರಿಸಿದೆ. ಒಳಗೆ ಹೋಗುವುದಕ್ಕಿಂತ ಹೊರಗೆ ತೆಗೆಯುವುದು ಹೆಚ್ಚು.

ನಂದಿಬೆಟ್ಟದ ಮಗ್ಗುಲಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೇಲೆ ಹರಿಯುತ್ತಿದ್ದ ಅರ್ಕಾವತಿ ಬತ್ತಿದ್ದಕ್ಕೆ ಮಳೆ ಕಡಿಮೆಯಾದದ್ದೇ ಕಾರಣ ಎಂದು ಎಲ್ಲರೂ ಹೇಳುತ್ತಿದ್ದ ಕಾಲವಿತ್ತು. ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಕಡೆ ಬೊಟ್ಟು ಮಾಡಿತು: ಬೋರ್‌ವೆಲ್‌ಗಳು ಮತ್ತು ನೀಲಗಿರಿ ತೋಪುಗಳು. ಸುದ್ದೆಯಲ್ಲಿ ನೀರು ತುಂಬಿದ್ದಾಗ ಅದು ಹಳ್ಳಕ್ಕೆ ಜಿನುಗುತ್ತಿತ್ತು, ಹಳ್ಳ ನದಿಗೆ ಸೇರುತ್ತಿತ್ತು. ಈಗ ಸುದ್ದೆಯೇ ಬತ್ತಿದೆ, ನದಿ ಎಲ್ಲಿಂದ ಹರಿಯಬೇಕು? 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಳೆಯ ತೋಪುಗಳು ಕಡಿದಷ್ಟೂ ಚಿಗುರುತ್ತವೆ. ಬೇರು ಕೀಳಿಸಿ ಹೊಲವನ್ನು ಮತ್ತೆ ರಾಗಿಗೆ ತಂದವರನ್ನು ಕಂಡರೆ ನನಗೆ ಗೌರವ.

ಕರಿಕಲ್ಲಿನ ಸಾಲಿನ ಮಾತಿಗೆ ಬರುತ್ತೇನೆ. ಡೈಕ್ ಸೀಳಿಲ್ಲದೆ ಗಟ್ಟಿಯಾಗಿದ್ದರೆ ನೆಲದೊಳಗಿನ ಅಣೆಕಟ್ಟು. ಇಳಿಜಾರಿನಲ್ಲಿ ಹರಿದು ಬರುವ ಅಂತರ್ಜಲವನ್ನು ಅದು ತಡೆದು ನಿಲ್ಲಿಸುತ್ತದೆ. ಮೇಲುಗಡೆಯ ಹೊಲದ ಬೋರಿನಲ್ಲಿ ನೀರು, ಕೆಳಗಡೆಯದ್ದು ಖಾಲಿ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಅಕ್ಕಪಕ್ಕದ ಹೊಲಗಳಲ್ಲಿ ಹೀಗಾಗಿ, ಒಬ್ಬರ ಮೇಲೊಬ್ಬರು ಅನುಮಾನ ಪಟ್ಟು ಮಾತು ಬಿಟ್ಟ ಮನೆಗಳಿವೆ. ನಡುವೆ ಇರುವುದು 237 ಕೋಟಿ ವರ್ಷದ ಒಂದು ಗೋಡೆ ಎಂದು ಗುಂಡುಗಳ ಸಾಲನ್ನು ನಡೆದು ತೋರಿಸಿದಾಗ ಅಂಥ ಒಂದು ಮನೆಯ ಹಿರಿಯಣ್ಣ ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದು ನನಗೆ ನೆನಪಿದೆ. ಡೈಕಿನ ಈ ತಡೆಯನ್ನೇ ತಿರುಗಿಸಿ ಬಳಸಬಹುದು: ಡೈಕಿನ ಮೇಲುಗಡೆ ಕೃಷಿಹೊಂಡ, ಇಂಗುಗುಂಡಿ ಮಾಡಿದರೆ ಇಂಗಿದ ನೀರು ಅಲ್ಲೇ ನಿಲ್ಲುವ ಸಾಧ್ಯತೆ ಹೆಚ್ಚು.

ಬೋರಿಗೆ ಜಾಗ ಹುಡುಕಲು ನಾವು ನಾಲ್ಕು ಕಬ್ಬಿಣದ ಗೂಟ ನೆಟ್ಟು, ಹೊರಗಿನ ಎರಡರ ಮೂಲಕ ನೆಲಕ್ಕೆ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವೆ ಎಷ್ಟು ತಡೆ ಇದೆ ಎಂದು ಅಳೆಯುತ್ತೇವೆ. ಒಣ ಗಟ್ಟಿಬಂಡೆ ವಿದ್ಯುತ್ತನ್ನು ಬಿಡುವುದೇ ಇಲ್ಲ; ನೀರು ಹಿಡಿದ ಸುದ್ದೆ ಸುಲಭವಾಗಿ ಬಿಡುತ್ತದೆ. ಗೂಟಗಳನ್ನು ದೂರ ದೂರಕ್ಕೆ ಸರಿಸಿದಷ್ಟೂ ಆಳದ ಸುದ್ದಿ ಬರುತ್ತದೆ. ಇದರಿಂದ ನೀರು ಖಚಿತ ಎಂದು ನಾನು ಯಾರಿಗೂ ಬರೆದುಕೊಡುವುದಿಲ್ಲ. ಸುದ್ದೆ ಎಷ್ಟು ದಪ್ಪ, ಸೀಳು ಎಲ್ಲಿರಬಹುದು ಎಂದಷ್ಟೇ ಹೇಳಬಹುದು. ತೆಂಗಿನಕಾಯಿ ಹಿಡಿದು, ಕವಲುಕಡ್ಡಿ ಹಿಡಿದು ಪಾಯಿಂಟ್ ತೋರಿಸುವವರ ಬಗ್ಗೆ ರೈತರಿಗೆ ನಂಬಿಕೆಯಿದೆ. ಪರೀಕ್ಷೆಗೆ ಒಡ್ಡಿದಾಗ ಆ ವಿಧಾನ ನಿಂತಿಲ್ಲ. ಸಾಲ ಮಾಡಿ ಕೊರೆಸುವ ಮನುಷ್ಯನಿಗೆ ಇಷ್ಟನ್ನು ನೇರವಾಗಿ ಹೇಳುವುದು ನನ್ನ ಕರ್ತವ್ಯ.

ಆಳದ ನೀರಿನಲ್ಲಿ ಇನ್ನೊಂದು ತೊಂದರೆ ಇದೆ. ಬಂಡೆಯ ಜೊತೆ ಬಹುಕಾಲ ಕೂತ ನೀರು ಬಂಡೆಯ ಅಂಶವನ್ನು ಎಳೆದುಕೊಳ್ಳುತ್ತದೆ. ಗ್ರಾನೈಟಿನ ಕಪ್ಪು ಅಭ್ರಕ, ಅಪಟೈಟ್‌ನಂಥ ಖನಿಜಗಳಲ್ಲಿ ಫ್ಲೋರಿನ್ ಇರುತ್ತದೆ; ಲೀಟರಿಗೆ 1.5 ಮಿ.ಗ್ರಾಂ ದಾಟಿದ ಫ್ಲೋರೈಡ್ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ, ದೊಡ್ಡವರ ಕೀಲಿನಲ್ಲಿ ಬಿಗಿತ. ಗ್ರಾನೈಟಿನಲ್ಲಿ ಯುರೇನಿಯಂ ಕೂಡ ಅಲ್ಪಸ್ವಲ್ಪ ಇರುತ್ತದೆ. ಪೂರ್ವ ಕರ್ನಾಟಕದ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಅದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಲೀಟರಿಗೆ 30 ಮೈಕ್ರೋಗ್ರಾಂ ಮಟ್ಟವನ್ನು ದಾಟಿದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ. ಮೂತ್ರಪಿಂಡಕ್ಕೆ ಅದರಿಂದ ಕೇಡು. ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೆ ಹೋಗುವುದೂ ಇಲ್ಲ. ಮಳೆನೀರು ಇಂಗಿಸಿದರೆ ಈ ಅಂಶಗಳು ತೆಳುವಾಗುತ್ತವೆ, ಆರ್‌ಒ ಘಟಕ ತೆಗೆಯುತ್ತದೆ, ಆದರೆ ಮೊದಲು ಪರೀಕ್ಷೆ ಮಾಡಿಸಬೇಕು.

ಬೆಂಗಳೂರಿನಲ್ಲೇ 1958ರಲ್ಲಿ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಕಟ್ಟಿದವರಲ್ಲಿ ಒಬ್ಬರಾದ ಬಿ.ಪಿ. ರಾಧಾಕೃಷ್ಣ (1918–2012) ರಾಜ್ಯದ ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದವರು. ಅದಿರು ಹುಡುಕುವುದಷ್ಟೇ ಭೂವಿಜ್ಞಾನಿಯ ಕೆಲಸವಲ್ಲ, ಹಳ್ಳಿಯ ನೀರೂ ಅವನ ಹೊಣೆ ಎಂದು ಒತ್ತಿ ಹೇಳಿದ ಪೀಳಿಗೆ ಅವರದು. ಅವರ ಪೀಳಿಗೆ ಕಾಲ್ನಡಿಗೆಯಲ್ಲಿ ಮಾಡಿದ ನಕ್ಷೆಗಳು ಇಂದಿಗೂ ನಮಗೆ ಆಧಾರ. ಆದರೆ ಆ ನಕ್ಷೆಗಳು ಜಿಲ್ಲೆಯ ಅಳತೆಯವು. ಒಂದು ಗ್ರಾಮ ಪಂಚಾಯಿತಿಯ ಅಳತೆಯಲ್ಲಿ, ಯಾವ ಹೊಲದಲ್ಲಿ ಸುದ್ದೆ ಎಷ್ಟು ದಪ್ಪ, ಕರಿಕಲ್ಲಿನ ಸಾಲು ಎಲ್ಲಿ ಹಾದಿದೆ, ಯಾವ ಬೋರಿನಲ್ಲಿ ಎಷ್ಟು ಅಡಿಗೆ ಗ್ಯಾಪು ಸಿಕ್ಕಿತು ಎಂಬ ನಕ್ಷೆ ನಮ್ಮ ಊರುಗಳಿಗೆ ಬೇಕು. ಅದಕ್ಕೆ ಬೇಕಾದ ಮಾಹಿತಿ ಪ್ರತಿ ಬೋರು ಕೊರೆದಾಗಲೂ ಪುಕ್ಕಟೆಯಾಗಿ ಮೇಲೆ ಬಂದು, ಪುಡಿಯ ರಾಶಿಯಾಗಿ ಬಿದ್ದು, ಮರುದಿನ ಗಾಳಿಗೆ ಹಾರಿಹೋಗುತ್ತಿದೆ.

ನಾನು ಈಗ ಪಾಯಿಂಟ್ ತೋರಿಸುವ ಮನೆಯವರಿಗೆಲ್ಲ ಒಂದು ನೋಟ್‌ಬುಕ್ ಇಡಿ ಎನ್ನುತ್ತಿದ್ದೇನೆ. ರಿಗ್‌ನವರಿಗೆ ಹೇಳಿ ಪ್ರತಿ ರಾಡಿಗೆ ಒಂದು ಹಿಡಿ ಪುಡಿ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅಡಿ ಬರೆದಿಡಿ. ಕೇಸಿಂಗ್ ಎಷ್ಟು ಅಡಿಗೆ ನಿಂತಿತು, ಮೊದಲ ಗ್ಯಾಪು ಎಲ್ಲಿ, ಎರಡನೆಯದು ಎಲ್ಲಿ, ಎಷ್ಟಿಂಚು ನೀರು ಎಂದು ರಿಗ್ ಹೊರಡುವ ಮೊದಲೇ ಗುರುತಿಸಿಕೊಳ್ಳಿ. ನೀರು ಬರದಿದ್ದರೂ ಬರೆಯಿರಿ; ಬತ್ತಿದ ಬೋರಿನ ಲೆಕ್ಕ ಪಕ್ಕದ ಮನೆಯವರ ಎರಡು ಲಕ್ಷ ಉಳಿಸಬಹುದು. ವರ್ಷಕ್ಕೆರಡು ಸಲ, ಮುಂಗಾರಿಗೆ ಮೊದಲು ಮತ್ತು ದೀಪಾವಳಿಯ ಹೊತ್ತಿಗೆ, ಮೋಟಾರು ನಿಲ್ಲಿಸಿ ಒಂದು ರಾತ್ರಿ ಬಿಟ್ಟು ನೀರಿನ ಮಟ್ಟ ಅಳೆಯಿರಿ. ದೇವನಗೊಂದಿ ಕಡೆಯ ಆ ಹುಡುಗ ತನ್ನ ಬೀದಿಯ ಬೋರುಗಳದ್ದು ಬರೆಯಲು ಶುರುಮಾಡಿದ್ದಾನೆ. ಹತ್ತು ಮನೆಯ ನೋಟ್‌ಬುಕ್ ಸಿಕ್ಕರೆ ಊರಿನ ನಕ್ಷೆ ಬಿಡಿಸಿ ಪಂಚಾಯಿತಿಯ ಗೋಡೆಗೆ ಹಾಕುವ ಕೆಲಸ ನನ್ನದು. ಅದಕ್ಕೆ ನಾನು ಫೀಸು ತೆಗೆದುಕೊಳ್ಳುವುದಿಲ್ಲ.